ಹತ್ತು ಸೆಕೆಂಡಿನ ಗಂಟೆ

ದೆವ್ವ, ಆತ್ಮ ಇವನ್ನೆಲ್ಲ ನಾನು ನಂಬಿದವನಲ್ಲ. ಅಂಗಡಿಗೆ ಬಂದವರು ಅಂಥ ಮಾತು ತೆಗೆದರೆ ನಕ್ಕು ಕಳಿಸುತ್ತಿದ್ದೆ. ರೇಡಿಯೋ ತಾನಾಗಿ ಹಾಡಿತು, ಟಿವಿ ತಾನಾಗಿ ಹತ್ತಿತು ಎಂದು ಹೇಳಿಕೊಂಡು ಎಷ್ಟೋ ಜನ ಬಂದಿದ್ದಾರೆ. ಬಿಚ್ಚಿದರೆ ಒಳಗೆ ಜಿರಳೆ ಇರುತ್ತದೆ, ಇಲ್ಲವೇ ಬೆಸುಗೆ ಬಿಟ್ಟಿರುತ್ತದೆ. ಕಾರಣ ಸಿಗದ ಸೆಟ್ ಒಂದೂ ನನ್ನ ಮೇಜಿನ ಮೇಲೆ ಬಂದಿರಲಿಲ್ಲ. ಆಮೇಲೆ ಒಂದು ಬಂತು. ಅದನ್ನು ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಏಳನೇ ಇಯತ್ತೆ ಫೇಲ್. ಚೆಂದ ಮಾಡಿ ಬರೆಯಲು ನನಗೆ ಬರುವುದಿಲ್ಲ, ಬಂದರೂ ಈ ವಿಷಯಕ್ಕೆ ಅದು ಬೇಡ.

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ರಿಪೇರಿ ಅಂಗಡಿ. ಟಿವಿ, ಮಿಕ್ಸರ್, ಮೊಬೈಲು, ಏನು ತಂದರೂ ಬಿಚ್ಚುತ್ತೇನೆ. ಈ ಕೆಲಸ ಕಲಿಸಿದವರು ಇಮಾಮಸಾಬ ಕಾಕಾ. ಸುರೇಬಾನದವರು, ರಾಮದುರ್ಗದಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದರು. ಅವರ ಹತ್ತಿರ ಏಳು ವರ್ಷ ಇದ್ದೆ. ಕಾಕಾ ಯಾವ ಕೆಲಸವನ್ನೂ ಅವಸರದಿಂದ ಮಾಡಿದವರಲ್ಲ. ರೇಡಿಯೋದ ಮುಳ್ಳು ತಿರುಗಿಸುವಾಗ ಸ್ಟೇಶನ್ ಸಿಕ್ಕ ಕೂಡಲೇ ನಿಲ್ಲಿಸುತ್ತಿರಲಿಲ್ಲ. ಅದನ್ನು ದಾಟಿ ಸ್ವಲ್ಪ ಮುಂದೆ ಹೋಗಿ, ಆಮೇಲೆ ಮೆಲ್ಲಗೆ ಹಿಂದೆ ಬಂದು ನಿಲ್ಲುತ್ತಿದ್ದರು.

"ದಾಟಿ ಹೋಗಬೇಕಪಾ. ದಾಟಿದ ಮ್ಯಾಲ ತಿಳಿತೈತಿ, ಎಲ್ಲಿ ನಿಲ್ಲಬೇಕಾಗಿತ್ತಂತ," ಎನ್ನುತ್ತಿದ್ದರು.

"ಒಂದ ಸ್ಟೇಶನ್ನಿಗೆ ಅರ್ಧ ತಾಸ ಆದ್ರ ಅಂಗಡಿ ನಡಿಯೂದು ಹೆಂಗ್ರಿ ಕಾಕಾ?"

"ನಿನ್ನಂಗ ಓಡಿದ್ರ ಅಂಗಡಿ ನಡಿತೈತಿ, ರೇಡಿಯೋ ನಡ್ಯಂಗಿಲ್ಲ, ಹುಚ್ಚಪ್ಯಾಲಿ."

ನಾನು ಬೈಲಹೊಂಗಲದಲ್ಲಿ ಸ್ವಂತ ಅಂಗಡಿ ತೆರೆದ ಮೂರನೇ ವರ್ಷ ಕಾಕಾಗೆ ಲಕ್ವಾ ಹೊಡೆಯಿತು. ಬಲಭಾಗ ಪೂರ್ತಿ ಹೋಯಿತು, ಮಾತೂ ಹೋಯಿತು. ಎಡಗೈಯನ್ನು ಸ್ವಲ್ಪ ಸರಿಸುತ್ತಿದ್ದರು, ಅದರಲ್ಲೂ ಎರಡು ಬೆರಳು ಮಾತ್ರ ಅವರ ಮಾತು ಕೇಳುತ್ತಿದ್ದವು. ಅವರನ್ನು ಸುರೇಬಾನದ ಮನೆಯಲ್ಲಿ ನೋಡಿಕೊಳ್ಳುತ್ತಿದ್ದವಳು ಮಗಳು ರಜಿಯಾ ಒಬ್ಬಳೇ. ನನಗಿಂತ ದೊಡ್ಡವಳು, ಅಕ್ಕಾ ಎನ್ನುತ್ತೇನೆ. ಪಡಸಾಲೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಊರವರ ಜಂಪರು ಹೊಲಿಯುತ್ತಾಳೆ. ಒಳಗಿನ ಕೋಣೆಯಲ್ಲಿ ಕಾಕಾ ಮಲಗಿರುತ್ತಿದ್ದರು.

ನಾನು ನೋಡಲು ಹೋದಾಗ ಅಕ್ಕ ಅಂದಳು, "ಮಷೀನ ಹತ್ತಿದ್ರ ನನಗ ಏನೂ ಕೇಳಂಗಿಲ್ಲ ತಮ್ಮಾ. ಅಬ್ಬಾ ನೀರಿಗೆ ಒದ್ದಾಡಿದ್ರೂ ಗೊತ್ತಾಗಂಗಿಲ್ಲ. ಏನರ ಒಂದು ಮಾಡಿಕೊಡು."

ಮೊದಲು ಸಾದಾ ಬೆಲ್ಲಿನ ಸ್ವಿಚ್ ಹಾಕಿಕೊಟ್ಟೆ. ಕಾಕಾರ ಬೆರಳು ಅದರ ಮೇಲೆ ಹೋಗಿ ಕೂಡುತ್ತಿತ್ತು, ಒತ್ತಲು ಬಲ ಇರಲಿಲ್ಲ. ನನ್ನ ಹತ್ತಿರ ಇನ್ನೊಂದು ಸಾಮಾನು ಇತ್ತು. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವ ನಮ್ಮೂರ ಹುಡುಗರು ಕಾಲೇಜಿನ ಪ್ರಾಜೆಕ್ಟನ್ನು ನನ್ನಿಂದ ಮಾಡಿಸಿಕೊಂಡು ಹೋಗುತ್ತಿದ್ದರು. ಅವರಲ್ಲಿ ಒಬ್ಬ ಬಿಟ್ಟುಹೋದ ಎಲೆಕ್ಟ್ರಾನಿಕ್ ಚಿಪ್ಪು ಅದು. ಒತ್ತುವುದು ಬೇಡ, ಬೆರಳು ಮೇಲೆ ಇಟ್ಟರೆ ಸಾಕು. ತಾಮ್ರದ ತೆಳು ಹಾಳೆ ಕತ್ತರಿಸಿ ಸನ್‌ಮೈಕಾ ಹಲಗೆಯ ಅಡಿಗೆ ಅಂಟಿಸಿ, ಚಿಪ್ಪಿನ ಕಾಲಿಗೆ ತಂತಿ ಕೊಟ್ಟರೆ ಅದೇ ಬಟನ್. ಮೂರು ಪಟ್ಟಿ ಸಾಲಾಗಿ ಇಟ್ಟು, ಇವು ಮೂರೂ ಕೂಡಿ ಒಂದೇ ಎಂದು ಚಿಪ್ಪಿಗೆ ಹೇಳಿದರೆ ಸ್ಲೈಡರ್ ಆಗುತ್ತದೆ. ಅದರ ಮೇಲೆ ಬೆರಳು ಎಲ್ಲಿದೆ ಎಂಬುದನ್ನು ಎಡದಿಂದ ಬಲಕ್ಕೆ ಸೊನ್ನೆಯಿಂದ ನೂರರವರೆಗಿನ ಅಂಕಿಯಲ್ಲಿ ಹೇಳುತ್ತದೆ. ಚಿಪ್ಪಿನ ಪುಸ್ತಕ ಇಂಗ್ಲಿಷಿನಲ್ಲಿತ್ತು. ಇಂಗ್ಲಿಷು ನನಗೆ ಬರುವುದಿಲ್ಲ, ಅಂಕಿ ಬರುತ್ತವೆ. ಹಳೇ ಕಂಪ್ಯೂಟರಿಗೆ ಜೋಡಿಸಿ, ಒಂದೊಂದು ಅಂಕಿ ಬದಲಿಸಿ, ಏನಾಗುತ್ತದೆ ಎಂದು ನೋಡುತ್ತ ಕಲಿತೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕರೆಂಟ್ ಬಂದ ಕೂಡಲೇ ಈ ಚಿಪ್ಪು ಆಗ ಹಲಗೆ ಹೇಗಿದೆಯೋ ಅದನ್ನೇ 'ಯಾರೂ ಮುಟ್ಟಿಲ್ಲ' ಎಂದು ಹಿಡಿಯುತ್ತದೆ. ಅದು ಸೊನ್ನೆ. ಬೆರಳು ಇಟ್ಟರೆ ಅಂಕಿ ಏರುತ್ತದೆ, ತೆಗೆದರೆ ಸೊನ್ನೆಗೆ ಇಳಿಯುತ್ತದೆ. ಆದರೆ ಕೈ ಹಲಗೆಯ ಮೇಲೆ ಇದ್ದಾಗಲೇ ಕರೆಂಟ್ ಬಂದರೆ ಆ ಕೈಯನ್ನೂ ಸೇರಿಸಿ ಸೊನ್ನೆ ಎನ್ನುತ್ತದೆ. ಇದ್ದ ಕೈ ಅದರ ಲೆಕ್ಕಕ್ಕೆ ಇಲ್ಲ. ಆಮೇಲೆ ಆ ಕೈ ತೆಗೆದರೆ ಅಂಕಿ ಸೊನ್ನೆಗಿಂತ ಕೆಳಗೆ, ಮೈನಸ್ಸಿಗೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಚಿಪ್ಪು ತಾನೇ ತಿದ್ದಿಕೊಂಡು ಮತ್ತೆ ಸೊನ್ನೆಗೆ ಬರುತ್ತದೆ.

ಸುರೇಬಾನಕ್ಕೆ ಕಂಪ್ಯೂಟರನ್ನೇ ಗೋಣಿಚೀಲದಲ್ಲಿ ಕಟ್ಟಿಕೊಂಡು ಹೋಗಿ ಕಾಕಾರ ಬೆರಳಿಗೆ ತಕ್ಕಂತೆ ಅಂಕಿ ಕೂಡಿಸಿದೆ. ನನ್ನ ಬೆರಳಿಗೆ ತೊಂಬತ್ತು ಬರುತ್ತಿತ್ತು. ಕಾಕಾರ ಒಣಗಿದ ಬೆರಳಿಗೆ ಮೂವತ್ತೆಂಟು, ಅದಕ್ಕಿಂತ ಹೆಚ್ಚಿಲ್ಲ. ಅಷ್ಟಕ್ಕೇ ಗಂಟೆ ಬಾರಿಸುವಂತೆ ಮಾಡಿದೆ. ಹಾಸಿಗೆಯ ಎಡಕ್ಕೆ ಹಲಗೆ ಕೂಡಿಸಿದೆ. ಅದರಲ್ಲಿ ಮಗಳನ್ನು ಕರೆಯಲು ಒಂದು ಬಟನ್, ಫ್ಯಾನಿಗೆ ಒಂದು ಸ್ಲೈಡರ್. ಕಾಕಾ ಸ್ಲೈಡರಿನ ಮೇಲೆ ಬೆರಳು ಎಳೆದರು. ಬೇಕಾದಲ್ಲಿ ನಿಲ್ಲಿಸಲಿಲ್ಲ. ದಾಟಿ ಮುಂದೆ ಹೋಗಿ, ಹಿಂದೆ ಬಂದು ನಿಂತರು. ಅಕ್ಕ ಸೆರಗು ಬಾಯಿಗಿಟ್ಟು ನಕ್ಕಳು. ಕಾಕಾರ ಮುಖದ ಅರ್ಧ ಭಾಗವೂ ನಕ್ಕಿತು.

ಎರಡು ತಿಂಗಳಿಗೆ ಅಕ್ಕನ ಫೋನು ಬಂತು. ಗಂಜಿ ಕುಡಿಸುವಾಗ ಹಲಗೆಯ ಮೇಲೆ ಚೆಲ್ಲಿದರೆ ಗಂಟೆ ನಿಲ್ಲುವುದಿಲ್ಲವಂತೆ. ಒದ್ದೆ ಟವೆಲು ಬಿದ್ದರೂ ಅದೇ ಗತಿ. "ಓಣಿ ಮಂದಿ ಎಲ್ಲಾ ಕೇಳಾಕತ್ತಾರ, ನಿಮ್ಮನ್ಯಾಗ ಸಾಲಿ ಬಿಟ್ಟತೇನು ಅಂತ," ಅಂದಳು.

ಮತ್ತೆ ಹೋದೆ. ಅಂಗಡಿಯಲ್ಲಿ ಕೆಲಸ ಬಹಳ ಇತ್ತು, ಮಧ್ಯಾಹ್ನದ ಬಸ್ಸಿಗೇ ತಿರುಗಿ ಬರಬೇಕಿತ್ತು. ಪುಸ್ತಕದಲ್ಲಿ ಅದಕ್ಕೂ ಒಂದು ಅಂಕಿ ಇದೆ. ಮುಟ್ಟಿದ್ದು ಎಷ್ಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಾಗೇ ಇದ್ದರೆ ಅದು ಕೈಯಲ್ಲ, ಏನೋ ಬಿದ್ದಿದೆ ಎಂದು ಚಿಪ್ಪು ತಿಳಿಯಬೇಕು ಎಂಬ ಅಂಕಿ. ಅಷ್ಟು ಹೊತ್ತಾದ ಮೇಲೆ ಆ ಬಿದ್ದದ್ದನ್ನೇ ಸೊನ್ನೆ ಮಾಡಿಕೊಂಡು ಸುಮ್ಮನಾಗುತ್ತದೆ. ಅಲ್ಲಿ ಸೊನ್ನೆ ಬರೆದರೆ ಎಂದೂ ಸುಮ್ಮನಾಗುವುದಿಲ್ಲ. ನಾನು ಮೊದಲು ಸೊನ್ನೆ ಬರೆದಿದ್ದೆ. ಅವತ್ತು ಹತ್ತು ಬರೆದೆ. ಬೆರಳಿಟ್ಟು ಎತ್ತಿ ಎರಡು ಸಲ ನೋಡಿದೆ, ಸರಿಯಾಗಿ ಬಾರಿಸಿತು. ನೀರು ಚೆಲ್ಲಿ ನೋಡಿದೆ, ಹತ್ತು ಸೆಕೆಂಡಿಗೆ ನಿಂತಿತು.

"ಏನ್ ಮಾಡಿದಿ?" ಎಂದು ಅಕ್ಕ ಕೇಳಿದಳು.

"ಗಂಜಿ ಚೆಲ್ಲಿದ್ರ ತಾನ ನಿಲ್ಲತೈತ್ರಿ. ಕೈ ಇಟ್ರ ಬಾರಸ್ತೈತಿ."

ಇಷ್ಟೇ ಹೇಳಿದೆ. ಚಿಪ್ಪಿಗೆ ಗಂಜಿ ಯಾವುದು ಕೈ ಯಾವುದು ಗೊತ್ತಿಲ್ಲ, ಹೊತ್ತು ಮಾತ್ರ ಗೊತ್ತು ಎಂದು ಹೇಳಲಿಲ್ಲ. ಹೇಳಲು ಕುಳಿತರೆ ಬಸ್ಸು ತಪ್ಪುತ್ತಿತ್ತು.

ಸಾಮಾನು ಕಟ್ಟುವಾಗ ಕಾಕಾ ಬಟನ್ನಿನ ಮೇಲೆ ಕೈ ಇಟ್ಟರು. ಗಂಟೆ ಬಾರಿಸಿತು. ಅವರು ಕೈ ತೆಗೆಯಲಿಲ್ಲ. ಹತ್ತು ಸೆಕೆಂಡಿಗೆ ಗಂಟೆ ನಿಂತಿತು. ಅವರು ನನ್ನನ್ನು ನೋಡಿದರು. ಅವರ ಹತ್ತಿರ ಇದ್ದಾಗ ಬೆಸುಗೆ ಸರಿ ಇಲ್ಲದ ಸೆಟ್ಟನ್ನು ನಾನು ಮುಚ್ಚಳ ಹಾಕಿ ಇಟ್ಟಾಗ ಹೀಗೇ ನೋಡುತ್ತಿದ್ದರು. ನನಗೆ ತಿಳಿಯಿತು. ತಿಳಿಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

"ಎತ್ತಿ ಮತ್ತ ಇಡ್ರಿ ಕಾಕಾ, ಬಾರಸ್ತೈತಿ," ಎಂದು ಹೇಳಿ ಹೊರಗೆ ಬಂದೆ. ಬಸ್ಸು ಸಿಕ್ಕಿತು. ಕೂಡಲು ಸೀಟೂ ಸಿಕ್ಕಿತು.

ಇಪ್ಪತ್ತು ದಿನಕ್ಕೆ ಕಾಕಾ ತೀರಿಕೊಂಡರು. ಸುದ್ದಿ ತಿಳಿದು ಹೋಗುವಷ್ಟರಲ್ಲಿ ಮಣ್ಣು ಆಗಿತ್ತು. ಮನೆಯಲ್ಲಿ ಹೆಂಗಸರು ಇದ್ದರು. ಅಕ್ಕ ಎದ್ದು ಪಡಸಾಲೆಗೆ ಬಂದಳು. ಮಷೀನಿನ ಮೇಲೆ ಅರ್ಧ ಹೊಲಿದ ಹಸಿರು ಜಂಪರು ಹಾಗೇ ಇತ್ತು.

"ಹನ್ನೆರಡರ ಸುಮಾರ ಇರಬೇಕ. ಗಂಟಿ ಬಾರಿಸ್ತು," ಅಂದಳು. "ತೋಳಿನ ಹೊಲಿಗಿ ಅರ್ಧಕ್ಕ ಬಂದಿತ್ತು, ಇದೊಂದು ಮುಗಿಸಿ ಹೋಗೂಣ ಅಂತ ಕುಂತೆ. ಅಷ್ಟ್ರಾಗ ಗಂಟಿ ನಿಂತಿತು. ನಿಂತಿತಲ್ಲ, ಏನೂ ಬ್ಯಾಡಂತ ಕಾಣತೈತಿ ಅಂತ ತೋಳ ಪೂರ್ತಿ ಹೊಲದ ಎದ್ದೆ. ಒಳಗ ಹೋಗಿ ನೋಡಿದ್ರ ದಿಂಬಿನ ಸಂದ್ಯಾಗ ಮೂಗು ಮಾರಿ ಎಲ್ಲಾ ಸಿಕ್ಕೊಂಡು ಬಿಟ್ಟಿತ್ತು. ಕೈ ಮಾತ್ರ ಹಲಗಿ ಮ್ಯಾಲ ಹಂಗ ಇತ್ತು."

ಅಕ್ಕ ಜಂಪರಿನ ತೋಳು ಮಡಚಿ ಬದಿಗಿಟ್ಟಳು.

"ತಮ್ಮಾ, ಒಂದು ಖರೆ ಹೇಳು. ಕೈ ಇದ್ರೂ ಗಂಟಿ ನಿಂತಿತಂದ್ರ, ಜೀವ ಹೋಗಿತ್ತಂತ ಹೌದಿಲ್ಲೋ? ಸತ್ತ ಕೈಗೆ ಅದು ಬಾರ್ಸಂಗಿಲ್ಲಲ್ಲ? ಅಂದ್ರ ಅಬ್ಬಾ ಬಾಳ ಹೊತ್ತ ಒದ್ದಾಡಿಲ್ಲ. ನಾ ಓಡಿ ಹೋಗಿದ್ರೂ ಆಗತಿದ್ದಿಲ್ಲ."

ಸತ್ತ ಕೈಗೂ ಅದು ಬಾರಿಸುತ್ತದೆ. ಗಂಜಿಗೇ ಬಾರಿಸುವಂಥದ್ದು ಕೈಗೆ ಯಾಕೆ ಬಾರಿಸುವುದಿಲ್ಲ. ಗಂಟೆ ನಿಂತದ್ದು ನಾನು ಬರೆದ ಹತ್ತಕ್ಕೆ. ಕಾಕಾ ಕೈ ಇಟ್ಟುಕೊಂಡು ಆಮೇಲೆ ಎಷ್ಟು ಹೊತ್ತು ಉಸಿರಿಗೆ ಒದ್ದಾಡಿದರೋ, ಎತ್ತಿ ಮತ್ತೆ ಇಡಲು ಆಗದೆ.

"ಹೌದ್ರಿ ಅಕ್ಕಾ," ಅಂದೆ.

ಅಕ್ಕ ಕಣ್ಣೊರೆಸಿಕೊಂಡು ಒಳಗೆ ಹೋಗಿ ಹಲಗೆ ತಂದು ನನ್ನ ಕೈಗೆ ಕೊಟ್ಟಳು. ಕಿತ್ತೂರ ಹತ್ತಿರದ ದೇಗಾಂವದಲ್ಲಿ ಅವಳ ಪರಿಚಯದವರ ಮನೆಯಲ್ಲಿ ಹೀಗೇ ಲಕ್ವಾ ಹೊಡೆದ ಹೆಣ್ಣುಮಗಳು ಇದ್ದಳು. "ಅವರಿಗೆ ಕೂಡಿಸಿ ಕೊಡು. ಒಬ್ಬರಿಗೆ ಉಪಯೋಗ ಆಗಲಿ," ಅಂದಳು.

ಹಲಗೆ ಅಂಗಡಿಯ ಮೂಲೆಯಲ್ಲಿ ಒಂದು ತಿಂಗಳು ಬಿದ್ದಿತ್ತು. ಒಂದು ರವಿವಾರ ಮಧ್ಯಾಹ್ನ, ದೇಗಾಂವದವರು ಎರಡು ಸಲ ಫೋನು ಮಾಡಿದ ಮೇಲೆ, ಅದನ್ನು ಒರೆಸಿ ಮೇಜಿನ ಮೇಲೆ ಇಟ್ಟು ಕಂಪ್ಯೂಟರಿಗೆ ಜೋಡಿಸಿದೆ. ಬಿಸಿಲು ಬಹಳ ಇತ್ತು, ಗಾಳಿ ಒಣಗಿತ್ತು. ಹಲಗೆಯ ಹತ್ತಿರ ಏನೂ ಇರಲಿಲ್ಲ. ನಾನು ಸ್ಟೂಲಿನ ಮೇಲೆ ಕುಳಿತು ಎರಡೂ ಕೈಯಲ್ಲಿ ಪುಸ್ತಕ ಹಿಡಿದಿದ್ದೆ.

ಮೊದಲು ಸ್ಲೈಡರಿನ ಅಂಕಿ ಎದ್ದಿತು. ಹತ್ತು, ಇಪ್ಪತ್ತು, ಐವತ್ತು, ಅರವತ್ತನಾಲ್ಕು. ಅಲ್ಲಿಂದ ಹಿಂದೆ ಬಂದು ಐವತ್ತೆಂಟರಲ್ಲಿ ನಿಂತಿತು.

ತಂತಿ ಸಡಿಲ ಇದೆ ಎಂದುಕೊಂಡೆ. ನಿಜ ಹೇಳುತ್ತೇನೆ, ಮೊದಲು ಅದನ್ನೇ ಅಂದುಕೊಂಡೆ. ಎಲ್ಲ ತಂತಿ ಕಳಚಿ ಮತ್ತೆ ಹಾಕಿದೆ. ಸ್ಲೈಡರ್ ಸೊನ್ನೆಗೆ ಬಂದಿತು. ಆಮೇಲೆ ಕರೆಯುವ ಬಟನ್ನಿನ ಅಂಕಿ ಏರಿತು. ಮೂವತ್ತೆಂಟು. ಗಂಟೆ ಬಾರಿಸಿತು. ಹತ್ತು ಸೆಕೆಂಡಿಗೆ ನಿಂತು ಅಂಕಿ ಸೊನ್ನೆಯಾಯಿತು. ಸ್ವಲ್ಪ ಹೊತ್ತಿಗೆ ಸೊನ್ನೆಯಿಂದ ಕೆಳಗೆ ಇಳಿಯಿತು. ಮೈನಸ್ ಮೂವತ್ತೆಂಟು. ಅಂದರೆ ಇಟ್ಟ ಕೈ ಎತ್ತಿದ ಹಾಗೆ. ಚಿಪ್ಪು ತನ್ನ ಸೊನ್ನೆಯನ್ನು ತಿದ್ದಿಕೊಂಡಿತು. ತಿದ್ದಿಕೊಂಡ ಮೇಲೆ ಮತ್ತೆ ಮೂವತ್ತೆಂಟು, ಮತ್ತೆ ಗಂಟೆ.

ಎತ್ತಿ ಮತ್ತ ಇಡ್ರಿ ಎಂದು ಹೇಳಿದವನು ನಾನೇ.

ಐದು ಸಲ ಹೀಗಾಯಿತು. ಕರೆಂಟಿನ ಏರಿಳಿತಕ್ಕೆ ಅಂಕಿ ಕುಣಿಯುವುದು ಗೊತ್ತು. ಆದರೆ ಆಗ ಎಲ್ಲ ಬಟನ್ನುಗಳ ಅಂಕಿ ಕೂಡಿ ಕುಣಿಯುತ್ತವೆ. ಇಲ್ಲಿ ಒಂದೇ ಕುಣಿಯುತ್ತಿತ್ತು, ಅದೂ ಕುಣಿತವಲ್ಲ. ಆರನೇ ಸಲ ಗಂಟೆ ನಿಂತಾಗ ನನಗೆ ತಡೆಯಲಾಗಲಿಲ್ಲ. ಹತ್ತು ಇದ್ದಲ್ಲಿ ಸೊನ್ನೆ ಬರೆದೆ. ಎಂದೂ ಸುಮ್ಮನಾಗಬೇಡ ಎಂಬ ಸೊನ್ನೆ. ಸುರೇಬಾನದಲ್ಲೇ ಇದನ್ನು ಬರೆಯುವುದು ಅರ್ಧ ನಿಮಿಷದ ಕೆಲಸವಾಗಿತ್ತು.

ಗಂಟೆ ಬಾರಿಸತೊಡಗಿತು. ನಿಲ್ಲಲಿಲ್ಲ. ಪಕ್ಕದ ಚಹಾದಂಗಡಿಯ ಬಸಣ್ಣ ಬಂದು ಬಾಗಿಲಲ್ಲಿ ನಿಂತ.

"ಏನಪಾ, ರವಿವಾರನೂ ಸಾಲಿ ಚಾಲೂ ಇಟ್ಟಿ ಏನು?"

"ಟೆಸ್ಟಿಂಗ್ ನಡದೈತಿ."

"ನನ್ನ ಗಿರಾಕಿ ಚಾ ಬಿಟ್ಟು ಪಾಟಿಚೀಲ ಹುಡಕಾಕತ್ತಾರ. ಬಂದ್ ಮಾಡೋ ಮಾರಾಯಾ."

"ನನ್ನ ಕಡಿಂದ ಬಂದ್ ಆಗಂಗಿಲ್ಲ ಬಸಣ್ಣಾ. ಒಂದಿಷ್ಟು ತಡಿ."

ಅವನು ನನ್ನ ಮುಖ ನೋಡಿ ತಿರುಗಿ ಹೋದ. ಗಂಟೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬಾರಿಸಿತು. ಅಂಕಿ ಮೂವತ್ತೆಂಟರಲ್ಲೇ ನಿಂತಿತ್ತು. ಬಿಚ್ಚಿ ನೋಡುವ ಮನಸ್ಸು ಬರಲಿಲ್ಲ, ಮುಟ್ಟಲೂ ಆಗಲಿಲ್ಲ. ಅಷ್ಟರಲ್ಲಿ ದಿನದ ಲೋಡ್‌ಶೆಡ್ಡಿಂಗ್ ಆಗಿ ಕರೆಂಟ್ ಹೋಯಿತು.

ಎರಡು ತಾಸಿಗೆ ಕರೆಂಟ್ ಬಂತು. ಗಂಟೆ ಬಾರಿಸಲಿಲ್ಲ. ಅಂಕಿ ಸೊನ್ನೆ. ಇದರ ಅರ್ಥ ನಿಮಗೂ ಈಗ ತಿಳಿದಿರಬೇಕು. ಹಲಗೆಯ ಮೇಲೆ ಏನೂ ಇಲ್ಲದಿದ್ದರೂ ಸೊನ್ನೆ, ಕರೆಂಟ್ ಬರುವಾಗ ಕೈ ಅಲ್ಲೇ ಇದ್ದರೂ ಸೊನ್ನೆ. ಎರಡರಲ್ಲಿ ಯಾವುದು ಎಂದು ಚಿಪ್ಪು ಹೇಳುವುದಿಲ್ಲ. ಕೈ ಇದ್ದು ಅದು ಎದ್ದರೆ ಮಾತ್ರ ಮೈನಸ್ ತೋರಿಸುತ್ತದೆ. ಅದನ್ನು ಕಾಯೋಣ ಎಂದುಕೊಂಡೆ. ಇನ್ನೊಮ್ಮೆ ಕರೆಂಟ್ ಹೋಗಿ ಹೊಸ ಸೊನ್ನೆ ಹಿಡಿಯದಿರಲಿ ಎಂದು ಹಲಗೆಗೆ ಬ್ಯಾಟರಿ ಕಟ್ಟಿದೆ. ಚಿಪ್ಪು ತನ್ನ ಸೊನ್ನೆಯನ್ನು ತಾನೇ ತಿದ್ದಿಕೊಳ್ಳುವುದನ್ನೂ ಬಂದ್ ಮಾಡಿದೆ. ದೇಗಾಂವದವರಿಗೆ ಬೇರೆ ಚಿಪ್ಪು ತರಿಸಿ ಹೊಸ ಹಲಗೆ ಮಾಡಿಕೊಟ್ಟೆ. ಅದರಲ್ಲಿ ಹತ್ತು ಬರೆಯಲಿಲ್ಲ. ಗಂಜಿ ಚೆಲ್ಲಿದರೆ ಬಾರಿಸುತ್ತದೆ, ಎದ್ದು ಹೋಗಿ ಒರೆಸಿರಿ ಎಂದು ಹೇಳಿ ಬಂದೆ.

ನಾಲ್ಕು ತಿಂಗಳು ಸೊನ್ನೆಯೇ ಇತ್ತು. ಒಂದು ಎರಡು ಅಲ್ಲಾಡುತ್ತಿತ್ತು, ಅಷ್ಟೇ. ನಡುವೆ ಎರಡು ಸಲ ಸುರೇಬಾನಕ್ಕೆ ಹೋದೆ, ಅಕ್ಕನಿಗೆ ಖರೆ ಹೇಳಿಬಿಡಬೇಕು ಎಂದು. ಎರಡು ಸಲವೂ ಚಹಾ ಕುಡಿದು ಬಂದೆ.

ಆಮೇಲೆ ಅಕ್ಕನೇ ಬೈಲಹೊಂಗಲಕ್ಕೆ ಬಂದಳು, ಸಂಬಂಧಿಕರ ಮದುವೆಯ ಬಟ್ಟೆ ಕೊಳ್ಳಲು. ಮಧ್ಯಾಹ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತಳು. ಹಲಗೆ ನೋಡಿದಳು.

"ಇದು ನಮ್ಮದಲ್ಲ? ಇದನ್ಯಾಕ ಇನ್ನೂ ಚಾಲೂ ಇಟ್ಟೀ?"

"ಟೆಸ್ಟಿಂಗಿಗ್ರಿ."

ಅಕ್ಕ ಕೈಚೀಲ ಕೆಳಗಿಟ್ಟು ಬಟನ್ನಿನ ಮೇಲೆ ಅಂಗೈ ಊರಿದಳು. ಗಂಟೆ ಬಾರಿಸಿತು. ತೆಗೆಯಲಿಲ್ಲ. ಹತ್ತು ಸೆಕೆಂಡಾಯಿತು, ಇಪ್ಪತ್ತಾಯಿತು, ಒಂದು ನಿಮಿಷವಾಯಿತು. ಗಂಟೆ ನಿಲ್ಲಲಿಲ್ಲ, ನಾನು ಬರೆದ ಸೊನ್ನೆ ಅದು.

"ನೋಡು," ಎಂದಳು ಮೆಲ್ಲಗೆ. "ಜೀವ ಇದ್ದ ಕೈಗೆ ನಿಲ್ಲಂಗಿಲ್ಲ. ನೀ ಖರೆ ಹೇಳಿದ್ದಿ."

ಅಕ್ಕ ಕೈ ತೆಗೆದಳು, ಗಂಟೆ ನಿಂತಿತು. ಬಸ್ಸಿನ ಹೊತ್ತಾಯಿತು ಎಂದು ಎದ್ದಳು. "ಬರತೇನಿ ತಮ್ಮಾ. ಊಟ ಮಾಡು ಹೊತ್ತಿಗೆ ಸರಿಯಾಗಿ, ಒಣಗಿ ಹೋಗೀ," ಎಂದು ಹೇಳಿ ಹೋದಳು.

ಆಮೇಲೆ ನಾನು ಕಂಪ್ಯೂಟರಿನ ಕಡೆ ತಿರುಗಿದೆ. ಅಕ್ಕನ ಕೈ ಎದ್ದ ಮೇಲೆ ಅಂಕಿ ಸೊನ್ನೆಗೆ ಬರಬೇಕು. ಸೊನ್ನೆಯಲ್ಲಿ ಇರಲಿಲ್ಲ. ಮೈನಸ್ ಮೂವತ್ತೆಂಟು ಇತ್ತು.

ಹೊರಗೆ ಓಡಿದೆ. ಅಕ್ಕ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದಳು. ನನ್ನನ್ನು ನೋಡಿ, ಏನು ಮರೆತೆ ಎಂಬಂತೆ ಕೈಚೀಲ ತಡವಿದಳು. ನಾನು ಏನೂ ಇಲ್ಲ ಎಂದು ಕೈಯಾಡಿಸಿದೆ. ಬಸ್ಸು ಹೋಯಿತು.

ಸಂಜೆ ಅಂಗಡಿ ಮುಚ್ಚುವವರೆಗೆ ಅಂಕಿ ಅಲ್ಲೇ ಇತ್ತು. ಆಮೇಲೆ ಬ್ಯಾಟರಿ ತೆಗೆದು ಹಲಗೆ ಬಿಚ್ಚಿದೆ. ತಾಮ್ರದ ಹಾಳೆಯ ಅಂಟು ಬಿಟ್ಟರೂ ಅಂಕಿ ಕೆಳಗೆ ಹೋಗುತ್ತದೆ, ಅದು ನನಗೆ ಗೊತ್ತು. ಬಿಟ್ಟಿರಲಿಲ್ಲ. ಬೆಸುಗೆಯೂ ಸರಿ ಇತ್ತು. ಜಿರಳೆ ಇರಲಿಲ್ಲ. ಪ್ರಾಜೆಕ್ಟಿನ ಹುಡುಗರನ್ನು ಕೇಳಿದೆ, ಅವರು ನನಗೆ ಗೊತ್ತಿದ್ದುದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಮತ್ತೆ ಜೋಡಿಸಿ ಎಷ್ಟೋ ದಿನ ನೋಡಿದ್ದೇನೆ. ಈಗ ಅದು ಎಲ್ಲ ಹಲಗೆಗಳ ಹಾಗೆ ಒಂದು ಹಲಗೆ.

ಅದು ಏನೆಂದು ನನಗೆ ಇಂದಿಗೂ ತಿಳಿದಿಲ್ಲ. ತಿಳಿಯದ್ದನ್ನು ಇಷ್ಟುದ್ದ ಬರೆದೆ. ತಿಳಿದದ್ದು ಒಂದೇ ಮಾತು, ಅದನ್ನು ಅಕ್ಕನಿಗೆ ಹೇಳುವುದು ಇನ್ನೂ ಆಗಿಲ್ಲ. ಕಾಕಾ ಕೈ ಇಟ್ಟುಕೊಂಡೇ ಇದ್ದರು. ಗಂಟೆ ನಿಲ್ಲಿಸಿದವನು ನಾನು.